ಇಂಗ್ಲಿಷ್ ಪದದ ಮುಂದಿರುವ ‘ಇಲ್ಲ’: ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಹೊರಡುವ ಎಥೆನಾಲ್ ಟ್ಯಾಂಕರಿನ ಬೆನ್ನ ಮೇಲೆ ‘ಹೈಲಿ ಇನ್‌ಫ್ಲೇಮೆಬಲ್’ ಎಂದು ಬರೆದಿರುವುದುಂಟು. ಮುಂದೆ ‘ಇನ್’ ಇದೆಯಲ್ಲ ಎಂದು ‘ಬೆಂಕಿ ಹತ್ತದ್ದು’ ಅಂತ ಓದಿದರೆ ಕೆಲಸ ಕೆಟ್ಟಿತು. ಅದು ಬೇಗ ಬೆಂಕಿ ಹತ್ತುವ ವಸ್ತು. ‘ಫ್ಲೇಮೆಬಲ್’ ಅಂದರೂ ಅದೇ. ಹತ್ತದ್ದಕ್ಕೆ ‘ನಾನ್‌ಫ್ಲೇಮೆಬಲ್’ ಅನ್ನಬೇಕು. ಲ್ಯಾಟಿನ್ನಿನಿಂದ ಬಂದ ‘ಇನ್’ ಎರಡಿವೆ: ಒಂದು ‘ಅಲ್ಲ’, ಇನ್ನೊಂದು ‘ಒಳಗೆ’. ಆಲಮಟ್ಟಿ ಕಾಲುವೆಯವರು ಹೇಳುವ ‘ಇರಿಗೇಶನ್’ನಲ್ಲಿ ಇರುವುದು ಎರಡನೆಯದು, ‘ಇರೆಗ್ಯುಲರ್’ನಲ್ಲಿ ಮೊದಲನೆಯದು; ಆರ್ ಮುಂದೆ ‘ಇನ್’ ‘ಇರ್’ ಆಗಿದೆ, ಅಷ್ಟೇ.

ಆದ್ದರಿಂದ ಹೊಸ ಪದ ಎದುರಾದಾಗ ಮುಂದಿನ ತುಂಡನ್ನು ಬೆರಳಿನಿಂದ ಮುಚ್ಚಿ. ‘ಅನ್‌ಹ್ಯಾಪಿ’ಯಲ್ಲಿ ‘ಹ್ಯಾಪಿ’ ಉಳಿಯುತ್ತದೆ, ಸರಿ. ‘ಇಂಪಾರ್ಟೆಂಟ್’ನಲ್ಲಿ ಉಳಿಯುವುದು ಅರ್ಥವಿಲ್ಲದ ಚೂರು, ಅಲ್ಲಿ ‘ಅಲ್ಲ’ ಹುಡುಕಬೇಡಿ. ಪದ ಉಳಿದರೂ ‘ಅಲ್ಲ’ ಸೇರಿಸಿ ವಾಕ್ಯದಲ್ಲಿಟ್ಟು ನೋಡಿ. ‘ಇನ್‌ವ್ಯಾಲ್ಯುಬಲ್’ ಸಿಕ್ಕಿಬೀಳುವುದು ಇಲ್ಲೇ: ಅದು ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು, ನಮ್ಮ ‘ಅಮೂಲ್ಯ’ದ ಹಾಗೆ. ‘ಇನ್‌ಫೇಮಸ್’ ಅಂದರೆ ಯಾರಿಗೂ ಗೊತ್ತಿಲ್ಲದವನಲ್ಲ, ಕುಖ್ಯಾತ.

‘ಅನ್’ ಕ್ರಿಯಾಪದದ ಮುಂದೆ ಬಂದರೆ ಮಾಡಿದ ಕೆಲಸವನ್ನು ತಿರುಗಿಸುತ್ತದೆ. ‘ಅನ್‌ಲಾಕ್’ ಅಂದರೆ ಹಾಕಿದ ಕೀಲಿ ತೆಗೆಯುವುದು, ‘ಅನ್‌ಟೈ’ ಅಂದರೆ ಕಟ್ಟಿದ ಗಂಟು ಬಿಚ್ಚುವುದು. ‘ಅನ್‌ಲಾಕ್ಡ್’ ಬಾಗಿಲು ಮಾತ್ರ ಕೀಲಿ ತೆಗೆದದ್ದೂ ಆಗಬಹುದು, ಮೊದಲಿಂದ ಹಾಕದೇ ಇದ್ದದ್ದೂ ಆಗಬಹುದು.

ಪರೀಕ್ಷೆಯಲ್ಲಿ ಅಂಕ ಹೋಗುವುದು ಜೋಡಿಗಳಲ್ಲಿ. ವಿಜಯಪುರದ ಸೈಕಲ್ ರೇಸನ್ನೇ ತಗೊಳ್ಳಿ: ತರಬೇತಿಯ ಅರ್ಹತೆಯೇ ಇಲ್ಲದ ಕೋಚ್ ‘ಅನ್‌ಕ್ವಾಲಿಫೈಡ್’, ಓಡುವಾಗ ನಿಯಮ ಮುರಿದು ಹೊರಬಿದ್ದ ಸವಾರ ‘ಡಿಸ್‌ಕ್ವಾಲಿಫೈಡ್’. ಜಗಳ ಬಗೆಹರಿಸುವ ಹಿರಿಯ ‘ಡಿಸ್‌ಇಂಟರೆಸ್ಟೆಡ್’ ಇರಬೇಕು, ಅಂದರೆ ಸ್ವಂತ ಲಾಭ ನೋಡದವ. ‘ಅನ್‌ಇಂಟರೆಸ್ಟೆಡ್’ ಇದ್ದರೆ ಆಕಳಿಸುತ್ತಾ ಕೂರುತ್ತಾನೆ. ಇಂಗ್ಲಿಷ್ ಪತ್ರಿಕೆಗಳೇ ಇವೆರಡನ್ನು ಕಲಸಿಬಿಡುತ್ತವೆ. ಪರೀಕ್ಷೆಗೆ ಈ ವ್ಯತ್ಯಾಸ ಇಟ್ಟುಕೊಳ್ಳಿ. ‘ಮಿಸ್’ಗೆ ‘ಇಲ್ಲ’ ಎಂಬ ಅರ್ಥವಿಲ್ಲ, ‘ತಪ್ಪಾಗಿ’ ಎಂದಿದೆ: ‘ಮಿಸ್‌ಯೂಸ್’ ದುರ್ಬಳಕೆ, ‘ಡಿಸ್‌ಯೂಸ್’ ಬಳಕೆ ನಿಂತುಹೋದದ್ದು. ‘ನಾನ್’ ಬರೀ ವಿಂಗಡಿಸುತ್ತದೆ, ಬೆಳಗಾವಿ–ಹುಬ್ಬಳ್ಳಿ ನಾನ್‌ಸ್ಟಾಪ್ ಬಸ್ಸಿನ ಹಾಗೆ.

ರೂಪ ಯಾವುದು ಎಂಬುದಕ್ಕೆ ತುಟಿಯೇ ಗುರುತು. ಪಿ, ಬಿ, ಎಂ ಉಚ್ಚರಿಸುವಾಗ ತುಟಿ ಮುಚ್ಚುತ್ತದೆ, ಅದಕ್ಕೇ ‘ಇನ್’ ಹೋಗಿ ‘ಇಮ್’: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮಾರಲ್. ಎಲ್ ಮುಂದೆ ‘ಇಲ್’, ಆರ್ ಮುಂದೆ ‘ಇರ್’. ‘ಅನ್’ ಮಾತ್ರ ಬದಲಾಗುವುದಿಲ್ಲ: ಅನ್‌ಪೇಡ್, ಅನ್‌ಲಕ್ಕಿ.

ಗುಣವಾಚಕದಲ್ಲಿ ‘ಅನ್’ ಇದ್ದರೆ ನಾಮಪದದಲ್ಲೂ ‘ಅನ್’ ಎಂದುಕೊಂಡವರು ಎಡವುತ್ತಾರೆ. ಅನೇಬಲ್–ಇನಬಿಲಿಟಿ, ಅನ್‌ಈಕ್ವಲ್–ಇನಿಕ್ವಾಲಿಟಿ, ಅನ್‌ಜಸ್ಟ್–ಇನ್‌ಜಸ್ಟಿಸ್, ಅನ್‌ಸ್ಟೇಬಲ್–ಇನ್‌ಸ್ಟೆಬಿಲಿಟಿ. ಇವನ್ನು ಬಾಯಿಪಾಠವೇ ಮಾಡಬೇಕು, ಬೇರೆ ದಾರಿ ಇಲ್ಲ.

ಸ್ಪೆಲ್ಲಿಂಗಿನಲ್ಲಿ ಎರಡು ತುಂಡುಗಳ ಅಕ್ಷರಗಳನ್ನೂ ಪೂರ್ತಿ ಬರೆಯಿರಿ. ‘ಅನ್‌ನೆಸೆಸರಿ’ಯ ಶುರುವಿನಲ್ಲಿ ಎರಡು ಎನ್, ‘ಇಲ್ಲೀಗಲ್’ನ ಶುರುವಿನಲ್ಲಿ ಎರಡು ಎಲ್, ‘ಮಿಸ್‌ಸ್ಪೆಲ್’ಗೆ ಎರಡು ಎಸ್. ‘ಡಿಸಪಾಯಿಂಟ್’ಗೆ ಎಸ್ ಒಂದೇ, ಯಾಕೆಂದರೆ ‘ಅಪಾಯಿಂಟ್’ ಶುರುವಾಗುವುದು ಎ ಅಕ್ಷರದಿಂದ. ಎರಡು ಬರುವುದು ಅದರ ಪಿ.