ಮಳೆ ರಜೆಯ ಸಂದೇಶ ಎಲ್ಲ ಮನೆಗೂ ತಲುಪಿದ್ದು ಹೀಗೆ

ಶಿರಸಿ ಸೀಮೆಯ ನಮ್ಮ ಶಾಲೆಗೆ ಮಳೆಗಾಲದ ರಜೆ ತಿಳಿಸುವುದೇ ದೊಡ್ಡ ತಲೆನೋವಾಗಿತ್ತು. ಜಿಲ್ಲಾಧಿಕಾರಿಗಳ ಆದೇಶ ರಾತ್ರಿ ತಡವಾಗಿ ಬಂದರೆ, ಕರೆಂಟಿಲ್ಲದ ಹಳ್ಳಿಗಳಿಗೆ ವಾಟ್ಸ್‌ಆ್ಯಪ್ ತಲುಪುತ್ತಿರಲಿಲ್ಲ. ಮಕ್ಕಳು ತುಂಬಿ ಹರಿಯುವ ಹಳ್ಳ ದಾಟಿ ಬರುತ್ತಿದ್ದರು. ಇದನ್ನು ಹಾಗೇ ಬಿಡುವಂತಿರಲಿಲ್ಲ.

ಎಸ್ಸೆಮ್ಮೆಸ್ ಸೇವೆಯೇ ಸರಿ ಎಂದು ನಿರ್ಧರಿಸಿದೆವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದಂತೆ, ಸಾಮೂಹಿಕ ಸಂದೇಶ ಕಳಿಸುವವರ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಶಾಲೆಯ ವಿವರ, ಆರು ಅಕ್ಷರದ ಹೆಡರ್ (ಕಳಿಸಿದವರ ಹೆಸರಿನ ಜಾಗದಲ್ಲಿ ಕಾಣುವ ಗುರುತು), ಸಂದೇಶದ ಮಾದರಿ ಮೂರನ್ನೂ ನೋಂದಾಯಿಸಿದೆವು. ಕನ್ನಡದ ಒಂದು ಎಸ್ಸೆಮ್ಮೆಸ್‌ಗೆ 70 ಸಂಕೇತಗಳ ಮಿತಿ. ‘ಶಾಲೆಗೆ’ ಎಂಬುದು ಕಣ್ಣಿಗೆ ಮೂರೇ ಅಕ್ಷರ, ಸ್ವರಚಿಹ್ನೆಗಳೂ ಸೇರಿ ಎಣಿಕೆಯಲ್ಲಿ ಆರು. ಮಿತಿ ಮೀರಿದರೆ ಎರಡು ಸಂದೇಶದ ದುಡ್ಡು. ಹಾಗಾಗಿ ‘ಮಳೆಯಿಂದ ಶಾಲೆಗೆ ರಜೆ’ ಎಂದಷ್ಟೇ ಬರೆದು, ಮುಂದೆ ದಿನಾಂಕಕ್ಕೆ ಜಾಗ ಬಿಟ್ಟೆವು.

ಹೆಡರ್‌ಗೆ ಪಾಲಕರು ಉತ್ತರ ಕಳಿಸಲಾಗದು. ಆದ್ದರಿಂದ ಶಾಲಾ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಮಾದರಿಯಲ್ಲೇ ಸೇರಿಸಿ ಒಪ್ಪಿಗೆ ಪಡೆದೆವು. ಓದಲು ಬಾರದ ಅಜ್ಜಿಯರಷ್ಟೇ ಇರುವ ಮನೆಗಳಿಗೆ ಧ್ವನಿ ಕರೆ ಹೋಗುತ್ತದೆ.

ಅಗ್ಗದ ದರಕ್ಕಿಂತ ನಾನು ಪಟ್ಟು ಹಿಡಿದದ್ದು ತಲುಪಿದ ವರದಿಗಾಗಿ. ಸಂದೇಶ ಮುಟ್ಟದ ಸಂಖ್ಯೆಗಳ ಪಟ್ಟಿ ಕೈಗೆ ಸಿಕ್ಕ ಕೂಡಲೇ ಹತ್ತಿರದ ಶಿಕ್ಷಕರು ಆ ಮನೆಗೇ ಹೋಗಿ ಹೇಳಿ ಬರುತ್ತಾರೆ.