ಆಲೆಮನೆಗೆ ಸಬ್ಸಿಡಿ ಸಾಲ: ನಾವು ಲೆಕ್ಕ ಹಾಕಿದ ರೀತಿ

ಶೇ 50 ಸಬ್ಸಿಡಿ ಎಂದು ಕೇಳಿದ ತಕ್ಷಣ ಅರ್ಧ ದುಡ್ಡು ಕೈಗೆ ಬರುತ್ತದೆ ಎಂದುಕೊಂಡರೆ ಅಲ್ಲೇ ಲೆಕ್ಕ ತಪ್ಪಿತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಬ್ಸಿಡಿ ನಮ್ಮ ಕೈಗೆ ಬರುವುದೇ ಇಲ್ಲ. ಬ್ಯಾಂಕು ಸಾಲ ಕೊಡುತ್ತದೆ, ಸಬ್ಸಿಡಿ ಅದೇ ಶಾಖೆಯ ಮಿರರ್ ಖಾತೆಗೆ (ಸಬ್ಸಿಡಿಯನ್ನು ಬೇರೆಯಾಗಿ ಕಾದಿಡುವ, ನಾವು ಮುಟ್ಟಲಾಗದ ಖಾತೆ) ಬಂದು ಕೂರುತ್ತದೆ. ಸಾಲದ ಕೊನೆಯ ಮೊತ್ತ ಬಿಡುಗಡೆಯಾಗಿ ಮೂರು ವರ್ಷ ತುಂಬುವಾಗ ಖಾತೆ ಸುಸ್ತಿಯಾಗಿರದೆ ಘಟಕ ನಡೆಯುತ್ತಿದ್ದರೆ ಮಾತ್ರ ಅದು ಸಾಲಕ್ಕೆ ಜಮೆಯಾಗುತ್ತದೆ. ಆದ್ದರಿಂದ ಸಬ್ಸಿಡಿಯೇ ಇಲ್ಲ ಎಂದು ಹಿಡಿದು ಯೋಜನಾ ವರದಿ ಬರೆದೆವು. ಹಾಗೆ ಬರೆದರೂ ಕಂತು ಕಟ್ಟಲು ಆಗುತ್ತದೆ ಎಂದು ಕಂಡ ಮೇಲೆಯೇ ಅರ್ಜಿ ಹಾಕಿದ್ದು.

ಮಂಡ್ಯ ಜಿಲ್ಲೆಗೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಬೆಲ್ಲವೇ ಇದೆ. ನಮ್ಮದು ಬೆಲ್ಲದ ಪುಡಿ ಮತ್ತು ಅಚ್ಚು ಬೆಲ್ಲದ ಘಟಕ. ಗಾಣ, ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಕೊಪ್ಪರಿಗೆ, ಪುಡಿ ಯಂತ್ರ, ಒಣಗಿಸುವ ಯಂತ್ರ, ಪ್ಯಾಕಿಂಗ್ ಸೇರಿ ಯಂತ್ರಗಳಿಗೆ 14 ಲಕ್ಷ, ಶೆಡ್ಡು ಮತ್ತು ಒಲೆಗೆ 6 ಲಕ್ಷ, ಒಟ್ಟು 20 ಲಕ್ಷ. ಕಟ್ಟಡದ ಖರ್ಚು ಅರ್ಹ ಯೋಜನಾ ವೆಚ್ಚದ ಶೇ 30 ಮೀರುವಂತಿಲ್ಲ, ಹಾಗಾಗಿ 6 ಲಕ್ಷಕ್ಕೆ ನಿಲ್ಲಿಸಿದೆವು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಸ್ವಂತ ಪಾಲು ಶೇ 10, ಅಂದರೆ 2 ಲಕ್ಷ. ಸಾಲ 18 ಲಕ್ಷ. ಸಬ್ಸಿಡಿ ಯೋಜನೆಯ ಮೂಲ ಲೆಕ್ಕದಲ್ಲಿ ಶೇ 35, ಅಂದರೆ 7 ಲಕ್ಷ. ಕರ್ನಾಟಕ ಹೆಚ್ಚುವರಿಯಾಗಿ ಕೊಡುವ ಶೇ 15ಕ್ಕೆ 3 ಲಕ್ಷ. ರಾಜ್ಯದಲ್ಲಿ ಎರಡೂ ಸೇರಿದ ಸಬ್ಸಿಡಿಯ ಗರಿಷ್ಠ ಮಿತಿ 15 ಲಕ್ಷ, ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಸಂಸ್ಥೆ ಕೆಪೆಕ್.

ಹೊಸ ಕಿರು ಉದ್ಯಮಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಇನ್ನೊಂದು ಯೋಜನೆ ಪಿಎಂಇಜಿಪಿ ಯಾಕೆ ಬೇಡ ಎಂದು ಹಲವರು ಕೇಳುತ್ತಾರೆ. ಅಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮುಂತಾದವರಿಗೆ ಶೇ 35. ಒಂದು ಅನುಕೂಲವೆಂದರೆ ದುಡಿಯುವ ಬಂಡವಾಳದ (ಸರಕು, ಕೂಲಿಯಂಥ ದಿನದ ಖರ್ಚಿನ ದುಡ್ಡು) ಒಂದು ಸುತ್ತು ಯೋಜನಾ ವೆಚ್ಚದಲ್ಲೇ ಸೇರುತ್ತದೆ. ಪಿಎಂಎಫ್‌ಎಂಇಯಲ್ಲಿ ಅದಕ್ಕೆ ಸಬ್ಸಿಡಿ ಇಲ್ಲ. ಯಂತ್ರ ಕಡಿಮೆ, ಸರಕು ಹೆಚ್ಚು ಬೇಕಾಗುವ ಘಟಕಕ್ಕೆ, ಅದರಲ್ಲೂ ಶೇ 35 ಸಿಗುವವರಿಗೆ, ಪಿಎಂಇಜಿಪಿಯನ್ನೂ ಲೆಕ್ಕ ಹಾಕಿ ನೋಡಬೇಕು. ನಮ್ಮದರಲ್ಲಿ ಯಂತ್ರದ ಪಾಲೇ ದೊಡ್ಡದು.

ದುಡಿಯುವ ಬಂಡವಾಳವನ್ನು ಮರೆತ ಆಲೆಮನೆ ಎರಡನೇ ತಿಂಗಳಿಗೇ ಒಲೆ ಆರಿಸಬೇಕಾಗುತ್ತದೆ. ಗಂಟೆಗೆ ಒಂದು ಟನ್ ಅರೆಯುವ ಗಾಣ, ದಿನಕ್ಕೆ 8 ಗಂಟೆ. ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲದಂತೆ ದಿನಕ್ಕೆ 800 ಕೆ.ಜಿ. ಕಬ್ಬಿಗೆ ಟನ್ನಿಗೆ 3,500 ರೂ. ಹಿಡಿದರೂ ದಿನಕ್ಕೆ 28,000 ರೂ. ಬೇಕು. ರೈತನಿಗೆ ದುಡ್ಡು ಕೂಡಲೇ ಕೊಡದಿದ್ದರೆ ಮರುದಿನ ಗಾಡಿ ಸಕ್ಕರೆ ಕಾರ್ಖಾನೆ ಕಡೆಗೆ ತಿರುಗುತ್ತದೆ. ಅಂಗಡಿಯವರು ನಮಗೆ ಕೊಡುವುದು ಹದಿನೈದು ದಿನ ಕಳೆದ ಮೇಲೆ. ಕಬ್ಬಿಗೇ 4.2 ಲಕ್ಷ ಕಟ್ಟಿಹಾಕಿದಂತಾಯಿತು. ಕೂಲಿ, ಪ್ಯಾಕಿಂಗ್ ಸೇರಿಸಿ 6 ಲಕ್ಷದ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಸಾಲ) ಅನ್ನು ಅವಧಿ ಸಾಲದ ಜೊತೆಯಲ್ಲೇ ಕೇಳಿದೆವು. ಆಮೇಲೆ ಪ್ರತ್ಯೇಕವಾಗಿ ಕೇಳಿದರೆ ಮತ್ತೆ ಮೊದಲಿನಿಂದ ಕಾಗದಪತ್ರ.

ವರದಿಯಲ್ಲಿ ವರ್ಷಕ್ಕೆ 300 ದಿನ ಎಂದು ಬರೆದರೆ ಬ್ಯಾಂಕಿನವರು ಪುಟ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ರಸದ ಸಾಂದ್ರತೆ ಕಡಿಮೆ, ಸಿಪ್ಪೆ ಒಣಗುವುದಿಲ್ಲ, ಸಿಪ್ಪೆ ಒಣಗದಿದ್ದರೆ ಒಲೆ ಉರಿಯುವುದಿಲ್ಲ. ಎಂಟು ತಿಂಗಳು, 160 ದಿನ ಎಂದು ಬರೆದೆವು.

ಅರ್ಜಿ ಬಿದ್ದುಹೋಗುವ ಜಾಗಗಳು ಹೆಚ್ಚಾಗಿ ಸಣ್ಣವು. ಸೊಸೈಟಿಯ ಬೆಳೆ ಸಾಲವನ್ನು ತಡವಾಗಿ ನವೀಕರಿಸಿದ್ದರೆ ಸಿಬಿಲ್ ಸಾಲ ವರದಿಯಲ್ಲಿ ಬಾಕಿ ಎಂದು ಕಾಣಿಸಬಹುದು. ಅರ್ಜಿಗೆ ಮೊದಲೇ ವರದಿ ತೆಗೆಸಿ ನೋಡಿ. ಹೊಲದಲ್ಲಿ ಶೆಡ್ಡು ಕಟ್ಟುವುದಾದರೆ ಭೂಪರಿವರ್ತನೆ ಆದೇಶ, ಇ-ಸ್ವತ್ತು ನಮೂನೆ 9 (ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ಕೇಳಬಹುದು. ಪಹಣಿ ಇನ್ನೂ ತಂದೆಯ ಹೆಸರಲ್ಲಿದ್ದರೆ ನೋಂದಾಯಿತ ಗುತ್ತಿಗೆ ಪತ್ರ ಬೇಕು. ಜಿಲ್ಲಾ ಸಂಪನ್ಮೂಲ ವ್ಯಕ್ತಿ ವರದಿ ಬರೆಯಲು ನೆರವಾಗುತ್ತಾರೆ, ಅವರ ಸಂಭಾವನೆ ಯೋಜನೆಯಿಂದಲೇ ಸಂದಾಯವಾಗುತ್ತದೆ. ‘ಫೈಲ್ ಮೂವ್ ಮಾಡಿಸ್ತೀನಿ’ ಎನ್ನುವವರಿಗೆ ಕೊಡಬೇಕಾದದ್ದು ಏನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಟ್ಟು ಓದಬೇಕಾದದ್ದು ಕೊಟೇಶನ್. ನಮಗೆ ಬಂದ ಗಾಣದ ಕೊಟೇಶನ್ನಿನ ಕೊನೆಯ ಸಾಲು ಹೀಗಿತ್ತು: ‘ಮೋಟಾರ್, ಸ್ಟಾರ್ಟರ್, ಫೌಂಡೇಶನ್ ಬೋಲ್ಟ್ ಗ್ರಾಹಕರದು.’ 20 ಎಚ್‌ಪಿ ಮೋಟಾರು, ಪ್ಯಾನೆಲ್ಲು, ವೈರಿಂಗು ಎಲ್ಲವೂ ಹೊರಗೆ. ಮಂಜೂರಾದ ಮೇಲೆ ಇದು ಗೊತ್ತಾದರೆ ಆ ದುಡ್ಡು ಪೂರ್ತಿ ಜೇಬಿನಿಂದಲೇ, ಅದಕ್ಕೆ ಸಬ್ಸಿಡಿಯೂ ಇಲ್ಲ. ಬ್ಯಾಂಕು ಹಣವನ್ನು ನೇರ ಮಾರಾಟಗಾರನ ಖಾತೆಗೆ ಹಾಕುತ್ತದೆ. ಕೊಟೇಶನ್ನಿನಲ್ಲಿದ್ದ ಮಾಡೆಲ್, ಜಿಎಸ್‌ಟಿ ಸಂಖ್ಯೆ ಬಿಲ್ಲಿನಲ್ಲೂ ಅದೇ ಇರಬೇಕು. ಸಾಲ ಮಂಜೂರಾಗುವ ಮೊದಲೇ ಆತುರಕ್ಕೆ ಕೊಂಡ ಯಂತ್ರವನ್ನು ಲೆಕ್ಕದಿಂದ ಬಿಟ್ಟುಬಿಡಿ.

ಇನ್ನು ತೆರಿಗೆ. ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಶೇ 5. ಕೇಳಲು ಹೊರೆ ಎನಿಸಿದರೂ ಯಂತ್ರಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವ ದಾರಿ ಇದೊಂದೇ. 14 ಲಕ್ಷದ ಯಂತ್ರಕ್ಕೆ ಶೇ 18ರಂತೆ 2.52 ಲಕ್ಷ ಕಟ್ಟಿದ್ದೇವೆ, ಅದು 20 ಲಕ್ಷದ ಹೊರಗೆ. ಬರೀ ಬಿಡಿ ಬೆಲ್ಲ ಮಾರಿದರೆ ಹೂಡುವಳಿ ತೆರಿಗೆ ಜಮೆ (ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ, ಅಷ್ಟೂ ಹೋಯಿತು. ಎರಡೂ ಮಾರಿದರೆ ಯಂತ್ರದ ಜಮೆಯನ್ನು 60 ತಿಂಗಳಿಗೆ ಹಂಚಿ, ಬಿಡಿ ಮಾರಾಟದ ಪಾಲನ್ನು ಪ್ರತಿ ತಿಂಗಳು ಬಿಟ್ಟುಕೊಡಬೇಕು. ಪೂರ್ತಿ ಪ್ಯಾಕೆಟ್ಟಿನಲ್ಲೇ ಮಾರಿದರೂ 2.52 ಲಕ್ಷ ತೀರಲು 50.4 ಲಕ್ಷದ ಮಾರಾಟ ಬೇಕು. ಖರೀದಿಯ ತೆರಿಗೆ ದರ ಹೆಚ್ಚು, ಮಾರಾಟದ್ದು ಕಡಿಮೆ ಎಂದು ನಗದು ಮರುಪಾವತಿ ಕೇಳೋಣ ಎಂದರೆ, ಆ ಸೌಲಭ್ಯ ಕಚ್ಚಾಸರಕಿನ ತೆರಿಗೆಗಷ್ಟೇ, ಯಂತ್ರಕ್ಕಿಲ್ಲ. ಶೆಡ್ಡಿನ ಸಿಮೆಂಟು, ಕಬ್ಬಿಣದ ಮೇಲಿನ ತೆರಿಗೆಗೆ ಜಮೆಯೇ ಇಲ್ಲ. ಯಂತ್ರದ ಫೌಂಡೇಶನ್ನಿಗೆ ಮಾತ್ರ ಇದೆ, ಅದಕ್ಕೆ ಬೇರೆ ಬಿಲ್ ಮಾಡಿಸಿ.

ಸಬ್ಸಿಡಿಗೆ ಆದಾಯ ತೆರಿಗೆ ಇಲ್ಲ ಎಂಬುದು ಅರ್ಧ ಸತ್ಯ. ಆಸ್ತಿಗೆ ಸಿಕ್ಕ ಸಬ್ಸಿಡಿಯನ್ನು ಆಸ್ತಿಯ ಬೆಲೆಯಿಂದ ಕಳೆಯಬೇಕು. ಒಟ್ಟು 10 ಲಕ್ಷದ ಸಬ್ಸಿಡಿಯಲ್ಲಿ ಯಂತ್ರದ ಪಾಲು 7 ಲಕ್ಷ, ಹಾಗಾಗಿ 14 ಲಕ್ಷದ ಯಂತ್ರ ಲೆಕ್ಕದಲ್ಲಿ 7 ಲಕ್ಷವಾಗುತ್ತದೆ. ಶೇ 15ರ ಸವಕಳಿ (ಯಂತ್ರ ಸವೆಯುವುದಕ್ಕೆಂದು ಲಾಭದಿಂದ ಕಳೆಯಬಹುದಾದ ಮೊತ್ತ) ಮೊದಲ ವರ್ಷ 2.10 ಲಕ್ಷದ ಬದಲು 1.05 ಲಕ್ಷ. ಜಿಎಸ್‌ಟಿ ಜಮೆ ತೆಗೆದುಕೊಂಡ ತೆರಿಗೆಯ ಮೊತ್ತದ ಮೇಲೂ ಸವಕಳಿ ಹಾಕುವಂತಿಲ್ಲ.

ಕಂತಿನ ವಿಷಯ. 18 ಲಕ್ಷಕ್ಕೆ ಶೇ 10.5ರಂತೆ ಏಳು ವರ್ಷಕ್ಕೆ ತಿಂಗಳಿಗೆ 30,300 ರೂ. ಆಸುಪಾಸು. ಆರು ತಿಂಗಳ ಮೊರಟೋರಿಯಂ (ಕಂತು ಕಟ್ಟಬೇಕಿಲ್ಲದ ಅವಧಿ) ಎಣಿಕೆಯಾಗುವುದು ಹಣ ಬಿಡುಗಡೆಯಿಂದ, ಉತ್ಪಾದನೆಯಿಂದಲ್ಲ. ಗಾಣ ಬರಲು ಮೂರು ತಿಂಗಳು, ಕೈಗಾರಿಕಾ ವಿದ್ಯುತ್ ಸಂಪರ್ಕಕ್ಕೆ ಇನ್ನೆರಡು ತಿಂಗಳು ಎಂದರೆ ಅದು ಬಹುಪಾಲು ಅಲ್ಲಿಗೇ ಮುಗಿಯಿತು. ಕರೆಂಟಿನ ಅರ್ಜಿಯನ್ನು ಮಂಜೂರಾತಿ ಪತ್ರ ಕೈಗೆ ಬಂದ ವಾರವೇ ಹಾಕಬೇಕು. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮೂರು ವರ್ಷದೊಳಗೆ ಹಾಗಾದರೆ ಸಬ್ಸಿಡಿಯನ್ನು ಬ್ಯಾಂಕು ಬಾಕಿಗೆ ಹಿಡಿದುಕೊಳ್ಳುತ್ತದೆ. ಒಲೆ ಆರಿರುವ ಮಳೆಗಾಲದ ನಾಲ್ಕು ತಿಂಗಳೇ ಅಪಾಯದ ಕಾಲ. ಅದಕ್ಕೆ ಗಾಣ ತಿರುಗುವ ಎಂಟು ತಿಂಗಳೂ ಒಂದೂವರೆ ಕಂತಿನಷ್ಟು ಎತ್ತಿಡುತ್ತೇವೆ. ಒಂದನ್ನು ಕಟ್ಟಿ, ಅರ್ಧವನ್ನು ಅದೇ ಶಾಖೆಯ ಆರ್‌ಡಿಗೆ ಹಾಕುತ್ತೇವೆ. ಎಂಟು ಅರ್ಧ ಸೇರಿ ಮಳೆಗಾಲದ ನಾಲ್ಕು ಕಂತು.