ಸರ್ವರ್ ರೂಮ್ ಬಿಸಿಯಾಗಿದೆ ಅಂತ ಅಲರ್ಟ್ ಬಂತಾ? ಹೀಗೆ ಮಾಡಿ

ಸಣ್ಣ ಆಫೀಸು, ಕಾಲೇಜುಗಳ ಸರ್ವರ್ ರೂಮ್ ಬಿಸಿಯಾಗೋದು ಹೆಚ್ಚಾಗಿ ಕರೆಂಟ್ ಹೋದಾಗ. ಯುಪಿಎಸ್ ಸರ್ವರ್‌ಗಳನ್ನು ನಡೆಸುತ್ತಲೇ ಇರುತ್ತದೆ, ಎಸಿ ಮಾತ್ರ ನಿಂತಿರುತ್ತದೆ. ಸರ್ವರ್ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗೋದು. ಮೂರು ಕಿಲೋವಾಟ್ ಲೋಡ್ ಇದ್ದರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾವಿರ ವಾಟಿನ ಮೂರು ಇಸ್ತ್ರಿ ಪೆಟ್ಟಿಗೆ ಉರಿಯುತ್ತಿದ್ದ ಹಾಗೆ.

ಅಲರ್ಟ್ ಬಂದಾಗ ಮೊದಲು ನೋಡಬೇಕಾದ್ದು ಸೆನ್ಸರ್ ಎಲ್ಲಿದೆ ಅನ್ನೋದನ್ನು. ಸರ್ವರ್ ಮುಂಭಾಗದಲ್ಲಿ ಗಾಳಿ ಒಳಹೋಗುವ ಇನ್‌ಲೆಟ್‌ಗೆ ಆಶ್ರೇ (ಕೂಲಿಂಗ್ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ) ಹೇಳುವ ಒಳ್ಳೆಯ ಮಿತಿ 18ರಿಂದ 27 ಡಿಗ್ರಿ ಸೆಲ್ಸಿಯಸ್. ಬಿಸಿಗಾಳಿ ಹೊರಬರುವ ಹಿಂಭಾಗದ ಎಕ್ಸಾಸ್ಟ್‌ನಲ್ಲಿ 40 ಕಂಡರೆ ಗಾಬರಿ ಬೇಡ, ಅದು ಸಹಜ. ಇನ್‌ಲೆಟ್‌ನಲ್ಲೇ 40 ಕಂಡರೆ ಎದ್ದು ಓಡಬೇಕು.

ಆಮೇಲೆ ನಿಗಾ ಇಡುವ ಸಾಫ್ಟ್‌ವೇರ್‌ನಲ್ಲಿ ತಾಪಮಾನದ ಗ್ರಾಫ್ ತೆರೆಯಿರಿ. ಜ಼ಾಬಿಕ್ಸ್ ಇರಲಿ, ಲಿಬ್ರೆಎನ್ಎಂಎಸ್ ಇರಲಿ, ಕಳೆದ ಒಂದು ಗಂಟೆಯ ಗೆರೆ ನೋಡಿ. ನನ್ನ ಮಟ್ಟಿಗೆ ಅಂಕಿಗಿಂತ ಏರಿಕೆಯ ವೇಗವೇ ಮುಖ್ಯ. 29ರಲ್ಲಿ ನಿಂತೇ ಇದ್ದರೆ ಯೋಚಿಸಲು ಸಮಯವಿದೆ. ಹತ್ತು ನಿಮಿಷದಲ್ಲಿ 24ರಿಂದ 29ಕ್ಕೆ ಹಾರಿದ್ದರೆ ಇಲ್ಲ.

ಅಕ್ಕಪಕ್ಕದ ಸೆನ್ಸರ್‌ಗಳನ್ನೂ ನೋಡಿ. ಎಲ್ಲವೂ ಒಟ್ಟಿಗೆ ಏರುತ್ತಿದ್ದರೆ ತೊಂದರೆ ಎಸಿಯದು. ಒಂದೇ ಯಂತ್ರ ಏರುತ್ತಿದ್ದರೆ ಅದರ ಫ್ಯಾನ್ ಕೆಟ್ಟಿರಬಹುದು, ಜಾಲರಿಗೆ ಧೂಳು ಕಟ್ಟಿರಬಹುದು, ಇಲ್ಲವೇ ಸರ್ವರ್ ಜೋಡಿಸಿಟ್ಟ ರ‍್ಯಾಕಿನ ಖಾಲಿ ಜಾಗದಿಂದ ಹಿಂದಿನ ಬಿಸಿಗಾಳಿ ಮುಂದಕ್ಕೆ ತಿರುಗಿ ಬರುತ್ತಿರಬಹುದು. ಸಿಸ್ಕೊ ಕಂಪನಿಯ ನೆಟ್‌ವರ್ಕ್ ಸ್ವಿಚ್ ಆದರೆ 'ಶೋ ಎನ್ವಿರಾನ್‌ಮೆಂಟ್' ಕಮಾಂಡ್ ಕೊಟ್ಟು ಫ್ಯಾನ್, ಪವರ್ ಸಪ್ಲೈ ಸ್ಥಿತಿ ನೋಡಬಹುದು. ಫ್ಯಾನ್ ಟ್ರೇ ಬದಲಿಸಬೇಕಿದ್ದರೆ ಹೊಸದು ಕೈಯಲ್ಲಿ ಇಲ್ಲದೆ ಹಳೆಯದನ್ನು ಎಳೆಯಬೇಡಿ.

ಎಸಿಯದೇ ತೊಂದರೆ ಅಂತಾದರೆ ಯಾರಾದರೂ ಕೋಣೆಗೆ ಹೋಗಲೇಬೇಕು. ಕರೆಂಟ್ ಬಂದರೂ ಕೆಲವು ಸ್ಪ್ಲಿಟ್ ಎಸಿಗಳು ತಾವಾಗಿ ಶುರುವಾಗುವುದಿಲ್ಲ, ರಿಮೋಟ್ ಒತ್ತಬೇಕು. ಬ್ರೇಕರ್ ಬಿದ್ದಿದೆಯಾ, ಹೊರಗಿನ ಯೂನಿಟ್ ತಿರುಗುತ್ತಿದೆಯಾ ನೋಡಿ. ಅಷ್ಟರಲ್ಲಿ ಬಾಗಿಲು ತೆರೆದು, ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಪೆಡೆಸ್ಟಲ್ ಫ್ಯಾನ್ ಇಡಿ. ಫ್ಯಾನ್ ಬಿಸಿಗಾಳಿಯನ್ನು ಬಾಗಿಲಾಚೆ ತಳ್ಳಬೇಕು. ಸುಮ್ನೆ ರ‍್ಯಾಕಿನ ಕಡೆ ತಿರುಗಿಸಿದರೆ ಅದೇ ಬಿಸಿಗಾಳಿ ಸುತ್ತುತ್ತಿರುತ್ತದೆ ಅಷ್ಟೇ.

ಆದರೂ ಏರುತ್ತಿದ್ದರೆ ಲೋಡ್ ಇಳಿಸಿ. ಮೊದಲು ಟೆಸ್ಟ್ ಸರ್ವರ್‌ಗಳು, ಆಮೇಲೆ ನಾಳೆ ಓಡಿಸಿದರೂ ನಡೆಯುವ ಕೆಲಸಗಳು. ಡೇಟಾಬೇಸ್ ನಿಲ್ಲಿಸಿದ ಮೇಲೆಯೇ ಸ್ಟೋರೇಜ್. ಕೊನೆಗೆ ನೆಟ್‌ವರ್ಕ್ ಸ್ವಿಚ್, ಯಾಕಂದರೆ ಅದು ಆರಿದರೆ ದೂರದಿಂದ ಏನೂ ಮಾಡೋಕಾಗಲ್ಲ. ಈ ಪಟ್ಟಿ ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು. ಬಿಸಿಯೇರಿದಾಗ ಕೂತು ಚರ್ಚೆ ಮಾಡೋಕೆ ಆಗಲ್ಲ ಅಲ್ವಾ? ನಾವೇ ನಿಲ್ಲಿಸದಿದ್ದರೆ ಯಂತ್ರ ತಾನಾಗಿ ಆರಿಹೋಗುತ್ತದೆ, ಬರೆಯುತ್ತಿದ್ದ ಡೇಟಾ ಅರ್ಧಕ್ಕೇ ಉಳಿಯುತ್ತದೆ. ಇದು ಸಣ್ಣ ಕೋಣೆಗಳ ಕಷ್ಟ ಮಾತ್ರ ಅಲ್ಲ. 2022ರ ಜುಲೈ 19ರಂದು ಬ್ರಿಟನ್ನಿನಲ್ಲಿ 40 ಡಿಗ್ರಿ ದಾಟಿದ ದಿನ ಲಂಡನ್ನಿನ ಗೂಗಲ್ ಕ್ಲೌಡ್ ಕೇಂದ್ರದಲ್ಲೂ ಕೂಲಿಂಗ್ ಕೈಕೊಟ್ಟು, ಯಂತ್ರಗಳನ್ನು ಆರಿಸಬೇಕಾಯಿತು.

ನೀರು ಸೋರಿಕೆ ಅಥವಾ ಹೊಗೆಯ ಅಲರ್ಟ್ ಬಂದರೆ ಗ್ರಾಫ್ ನೋಡುತ್ತಾ ಕೂರಬೇಡಿ. ಹೊಗೆಯಾದರೆ ಜನರನ್ನು ಹೊರಗೆ ಕಳಿಸಿ 101 ಅಥವಾ 112ಕ್ಕೆ ಕರೆ ಮಾಡಿ. ನೀರಾದರೆ, ಮುಖ್ಯ ಪವರ್, ಯುಪಿಎಸ್ ಎರಡೂ ಆರುವ ತನಕ ಒದ್ದೆ ನೆಲದ ಮೇಲೆ ಕಾಲಿಡಬೇಡಿ.

ಅಲರ್ಟನ್ನು ಮ್ಯೂಟ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಬದಲು 'ಅಕ್ನಾಲೆಜ್' (ನೋಡಿದ್ದೇನೆ) ಒತ್ತಿ, ಯಾರು ನೋಡುತ್ತಿದ್ದಾರೆ ಅಂತ ಬರೆಯಿರಿ. 27ರ ಆಸುಪಾಸಿನಲ್ಲಿ ಪದೇ ಪದೇ ಬಂದು ಹೋಗುತ್ತಿದ್ದರೆ, 27ಕ್ಕೆ ಶುರುವಾಗಿ 25ಕ್ಕೆ ಇಳಿದ ಮೇಲೆ ಮುಗಿಯುವಂತೆ ಹೊಂದಿಸಿ.

ಎಲ್ಲ ತಣ್ಣಗಾದ ಮೇಲೆ ಯುಪಿಎಸ್ ಬ್ಯಾಟರಿ ನೋಡಿ. ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಮೇಲೆ ಸದಾ ಹತ್ತು ಡಿಗ್ರಿ ಜಾಸ್ತಿ ಇದ್ದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಜೆಯ ದಿನ ನೋಡಿಕೊಂಡು ಮೇನ್ ಸ್ವಿಚ್ ಇಳಿಸಿ, ಜನರೇಟರ್ ಬಂದ ಮೇಲೆ ಎಸಿ ತಾನಾಗಿ ಶುರುವಾಗುತ್ತದಾ ಅಂತ ಪರೀಕ್ಷೆ ಮಾಡಿ. ಆಗದಿದ್ದರೆ ಆಟೋ ರೀಸ್ಟಾರ್ಟ್ ಹಾಕಿಸಿ.